ಕ್ಯಾಮೆರಾ ಬದಲಿಸೋ ಮುಂಚೆ ಸ್ವಿಚ್ಚಿನ ಮಾತು ಕೇಳ್ರಿ

ಇವತ್ತಿನ ಕಂತು ಸ್ವಲ್ಪ ಟೆಕ್ನಿಕಲ್. ಆದ್ರೆ ಅರ್ಧಕ್ಕೆ ಬಿಟ್ಟು ಹೋಗಬೇಡ್ರಿ, ಇದರಲ್ಲಿ ನಮ್ಮ ಹುಡುಗರ ರೊಕ್ಕದ ಮಾತಿದೆ.

ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಡೇಟಾನೂ ಹೋಗ್ತದೆ, ಕರೆಂಟೂ ಹೋಗ್ತದೆ. ಇದರ ಪೂರ್ತಿ ಹೆಸರು ಪವರ್ ಓವರ್ ಈಥರ್ನೆಟ್. ಅಂಗಡಿಯಲ್ಲಿ ಕೇಳೋವಾಗ ಬರೀ ಪಿಒಇ. ರಾಯಚೂರಿನ ಬಟ್ಟೆ ಅಂಗಡಿ ಇರಲಿ, ಮಾನ್ವಿಯ ರೈಸ್ ಮಿಲ್ ಇರಲಿ, ಗೋಡೆ ಮೇಲಿನ ಕ್ಯಾಮೆರಾಕ್ಕೆ ಬೇರೆ ಪ್ಲಗ್ ಕಾಣಲಿಲ್ಲ ಅಂದ್ರೆ ಹೆಚ್ಚಾಗಿ ಇದೇ ಕಾರಣ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೂ ವೆಬ್‌ಕಾಸ್ಟಿಂಗ್ ಬಂತು. ಅಂದ್ರೆ ಕ್ಯಾಮೆರಾ ಹಾಕೋ ಕೆಲಸ ಈಗ ದೊಡ್ಡ ಊರಿಗಷ್ಟೇ ಸೀಮಿತ ಅಲ್ಲ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ಏಣಿ, ಡ್ರಿಲ್, ಕ್ರಿಂಪಿಂಗ್ ಟೂಲ್ ಹಿಡ್ಕೊಂಡು ಹೋಬಳಿ ಹೋಬಳಿ ತಿರುಗ್ತಾರೆ.

ಅಂಥ ಒಬ್ಬ ಕೇಳುಗ ದೇವದುರ್ಗದಿಂದ ವಾಯ್ಸ್ ಮೆಸೇಜ್ ಕಳಿಸಿದ್ದ. "ಹಗಲೆಲ್ಲಾ ಕ್ಯಾಮೆರಾ ಛಲೋ ಇರ್ತದ. ಕತ್ತಲಾತು ಅಂದ್ರ ಆಫ್ ಆಗ್ತದ, ಮತ್ತ ಆನ್ ಆಗ್ತದ, ಮತ್ತ ಆಫ್. ಎರಡು ಸಲ ಕ್ಯಾಮೆರಾ ಬದಲಿ ಮಾಡೀನಿ. ಮಾಲೀಕರು ಬಿಲ್ ಹಿಡಿದು ಕುಂತಾರ. ಏನ್ ಮಾಡ್ಲಿ?"

ಅದೇ ವಾರ ಮಾನ್ವಿಯಿಂದ ಒಂದು, ರಾಯಚೂರು ಸಿಟಿಯಿಂದ ಒಂದು, ಇಂಥವೇ ಪ್ರಶ್ನೆ ಬಂದವು. ಮೂರೂ ಕಡೆ ಹೋಗಿ, ಆ ಹುಡುಗರ ಜೊತೆ ಕೂತು ನೋಡಿದೆ. ಮೂರು ಕಡೆಯೂ ಯಂತ್ರ ಕೆಟ್ಟಿರಲಿಲ್ಲ. ಸ್ವಿಚ್ಚಿಗೂ ಯಂತ್ರಕ್ಕೂ ನಡಿಯೋ ಕರೆಂಟಿನ ಮಾತುಕತೆ ಎಲ್ಲೋ ಒಂದು ಹಂತದಲ್ಲಿ ಮುರಿದಿತ್ತು.

ಹೌದು, ಮಾತುಕತೆನೇ. ನಿಮ್ಮ ಮನೆ ಗೋಡೆಯ ಸಾಕೆಟ್ ಯಾರನ್ನೂ ಕೇಳಲ್ಲ, ಚುಚ್ಚಿದ್ರೆ ಕೊಡ್ತದೆ. ಸರಿಯಾದ ಪಿಒಇ ಸ್ವಿಚ್ ಹಂಗಲ್ಲ.

ಮೊದಲ ಹಂತ, ಗುರುತು ಹಿಡಿಯೋದು. ಸ್ವಿಚ್ ಕೇಬಲ್ ಒಳಗೆ ಸಣ್ಣ ವೋಲ್ಟೇಜ್ ಬಿಡ್ತದೆ, 10 ವೋಲ್ಟ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಆ ಕಡೆ ಸುಮಾರು 25 ಕಿಲೋ ಓಮ್ ರೆಸಿಸ್ಟೆನ್ಸ್ ಸಿಕ್ಕರೆ, 'ಹಾಂ, ಇದು ನನ್ನ ಕಡೆಯಿಂದ ಕರೆಂಟ್ ತಗೊಳ್ಳೋ ಯಂತ್ರ' ಅಂತ ಗೊತ್ತಾಗ್ತದೆ. ಸಿಗಲಿಲ್ಲ ಅಂದ್ರೆ ಕರೆಂಟ್ ಇಲ್ಲ. ಅದಕ್ಕೇ ಆ ಪೋರ್ಟಿಗೆ ಲ್ಯಾಪ್‌ಟಾಪ್ ಚುಚ್ಚಿದ್ರೂ ಸುಡಲ್ಲ.

ಎರಡನೇ ಹಂತ, ಕ್ಲಾಸ್ ಕೇಳೋದು. ಈಗ ವೋಲ್ಟೇಜ್ 15ರಿಂದ 20ರ ನಡುವೆ. ಯಂತ್ರ ಎಷ್ಟು ಕರೆಂಟ್ ಎಳೀತದೆ ಅನ್ನೋದರ ಮೇಲೆ ಅದರ ಬೇಡಿಕೆ ತಿಳೀತದೆ. ಕ್ಲಾಸ್ 1 ಅಂದ್ರೆ 3.84 ವ್ಯಾಟ್ ತನಕ, ಕ್ಲಾಸ್ 2 ಅಂದ್ರೆ 6.49, ಕ್ಲಾಸ್ 3 ಅಂದ್ರೆ 12.95, ಕ್ಲಾಸ್ 4 ಅಂದ್ರೆ 25.5. ಕ್ಲಾಸ್ 0 ಅಂದ್ರೆ ಯಂತ್ರ ತನಗೆಷ್ಟು ಬೇಕು ಅಂತ ಹೇಳೇ ಇಲ್ಲ.

ಮೂರನೇ ಹಂತದಲ್ಲಿ ನಿಜವಾದ ಕರೆಂಟ್, ಸುಮಾರು 48 ವೋಲ್ಟ್.

ನಾಲ್ಕನೇದು, ಯಂತ್ರ ಆನ್ ಆದ ಮೇಲೆ ಡೇಟಾ ಮೂಲಕ ನಡಿಯೋ ಚೌಕಾಸಿ. ಇದರ ಹೆಸರು ಎಲ್‌ಎಲ್‌ಡಿಪಿ. ಇಲ್ಲಿ 0.1 ವ್ಯಾಟ್ ಲೆಕ್ಕದಲ್ಲೂ ಕೇಳಬಹುದು. ಎಲ್ಲ ಯಂತ್ರಕ್ಕೂ ಇದು ಬೇಕಾಗಲ್ಲ, ಹೆಚ್ಚು ಕರೆಂಟ್ ಬೇಡೋವಕ್ಕೆ ಬೇಕಾಗಬಹುದು.

ಕೊನೇದು ನಿಗಾ. ಯಂತ್ರ ಮಿತಿ ಮೀರಿ ಎಳೆದ್ರೆ ಸ್ವಿಚ್ ಪೋರ್ಟ್ ಕಟ್ ಮಾಡ್ತದೆ. ಎಳೆಯೋದೇ ನಿಲ್ಲಿಸಿದ್ರೂ, ಅಂದ್ರೆ ಕೇಬಲ್ ಕಿತ್ತರೂ, ಅರ್ಧ ಸೆಕೆಂಡ್ ಒಳಗೆ ಕಟ್.

ಡಬ್ಬಿ ಮೇಲಿನ ಅಕ್ಷರಗಳನ್ನೂ ಹೇಳಿಬಿಡ್ತೀನಿ. 802.3 ಎಎಫ್ ಅನ್ನೋ ನಿಯಮ 2003ರದ್ದು, ಪೋರ್ಟಿಗೆ 15.4 ವ್ಯಾಟ್. ಎಟಿ ಅನ್ನೋದು 2009ರದ್ದು, 30 ವ್ಯಾಟ್. ಬಿಟಿ 2018ರದ್ದು, 60 ಮತ್ತು 90 ವ್ಯಾಟ್ ತನಕ. ಸ್ವಿಚ್ 15.4 ಕೊಟ್ಟರೂ ಯಂತ್ರಕ್ಕೆ ಗ್ಯಾರಂಟಿ ಇರೋದು 12.95 ಮಾತ್ರ. ಉಳಿದಿದ್ದು 100 ಮೀಟರ್ ಕೇಬಲ್ ದಾರಿಯಲ್ಲಿ ಬಿಸಿಯಾಗಿ ಹೋಗಬಹುದು ಅಂತ ಇಟ್ಟ ಲೆಕ್ಕ. ನಮ್ಮ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಕಳೆದು ರೈತನ ಕೈಗೆ ಬರೋ ಹಾಗೆ ನೋಡ್ರಿ. ಶಕ್ತಿನಗರದಲ್ಲಿ 1720 ಮೆಗಾವ್ಯಾಟ್ ಸಾಮರ್ಥ್ಯದ ಥರ್ಮಲ್ ಸ್ಥಾವರ ಇರೋ ಜಿಲ್ಲೆ ನಮ್ಮದು, ಇಲ್ಲಿ ಜಗಳ ನಡೆದಿರೋದು 13 ವ್ಯಾಟಿಗೆ!

ಈಗ ದೇವದುರ್ಗಕ್ಕೆ ಬರೋಣ. ಕತ್ತಲಾದ ತಕ್ಷಣ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿಕೊಳ್ತವೆ. ಹಗಲು ನಾಲ್ಕೈದು ವ್ಯಾಟ್‌ನಲ್ಲಿ ಆರಾಮಾಗಿದ್ದ ಕ್ಯಾಮೆರಾ ಒಮ್ಮೆಲೇ ಎರಡು ಪಟ್ಟು ಕೇಳ್ತದೆ. ಆಗಲೇ ಕೇಬಲ್‌ನ ಬಣ್ಣ ಬಯಲಾಗೋದು. ಆ ಕೇಬಲ್ ಸಿಸಿಎ, ಅಂದ್ರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ಅದರ ರೆಸಿಸ್ಟೆನ್ಸ್ ಪೂರ್ತಿ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಅದೂ ಸಾಲದು ಅಂತ ನಡುವೆ ಒಂದು ಕಡೆ ತಂತಿ ಹೊಸೆದು ಟೇಪ್ ಸುತ್ತಿದ್ರು. ಅಂಥ ಜೋಡಣೆಯಲ್ಲಿ ಅಲ್ಯೂಮಿನಿಯಂಗೆ ಬೇಗ ಪೊರೆ ಕಟ್ತದೆ, ಸಂಪರ್ಕ ಸಡಿಲಾಗ್ತದೆ. ಕೇಬಲ್ ಹಾದು ಹೋಗಿದ್ದು ತಗಡಿನ ಮೇಲೆ. ರಾಯಚೂರು ಜಿಲ್ಲೆಯ ಬೇಸಿಗೆ ನಿಮಗೆ ಹೇಳಬೇಕಾ? ತಂತಿ ಒಂದು ಡಿಗ್ರಿ ಬಿಸಿಯಾದ್ರೆ ರೆಸಿಸ್ಟೆನ್ಸ್ ಹತ್ತಿರಹತ್ತಿರ 0.4 ಪರ್ಸೆಂಟ್ ಏರ್ತದೆ. 40 ಡಿಗ್ರಿ ಏರಿದ್ರೆ ಎಷ್ಟಾಯ್ತು, ನೀವೇ ಗುಣಿಸ್ರಿ.

ಪತ್ತೆ ಮಾಡಿದ್ದು ಹೇಗೆ? ಕ್ಯಾಮೆರಾ ಇಳಿಸಿ, ಸ್ವಿಚ್ ಪಕ್ಕದಲ್ಲೇ ಇಟ್ಟು, ಎರಡು ಮೀಟರ್‌ನ ಒಳ್ಳೆ ಕೇಬಲ್ ಹಾಕಿ, ಲೆನ್ಸಿಗೆ ಬಟ್ಟೆ ಮುಚ್ಚಿದ್ವಿ. ಕತ್ತಲು ಅಂದ್ಕೊಂಡು ದೀಪ ಹತ್ತಿದವು. ಒಂದು ತಾಸು ಬಿಟ್ಟರೂ ಒಂದು ಸಲವೂ ರೀಸ್ಟಾರ್ಟ್ ಆಗಲಿಲ್ಲ. ತಪ್ಪು ಕೇಬಲ್‌ದು ಅಂತ ಮಾಲೀಕರ ಎದುರಿಗೇ ಸಾಬೀತಾಯ್ತು. ಜೋಡಣೆ ಇಲ್ಲದ ತಾಮ್ರದ ಕೇಬಲ್ ಎಳೆದ ಮೇಲೆ ಬಿಲ್ ಪಾಸಾಯ್ತು. ಆ ಹಳೇ ಕೇಬಲ್ ತರಿಸಿದ್ದು ಮಾಲೀಕರೇ, ಅಗ್ಗಕ್ಕೆ ಸಿಗ್ತು ಅಂತ.

ಮಾನ್ವಿಯ ಕಥೆ ಬೇರೆ. ಒಂದು ರೈಸ್ ಮಿಲ್, ಎಂಟು ಪೋರ್ಟಿನ ಸ್ವಿಚ್, ನಾಲ್ಕು ಕ್ಯಾಮೆರಾ. ಮೂರು ಬರ್ತವೆ, ನಾಲ್ಕನೇದು ಬರಲ್ಲ. ನಾಲ್ಕನೇದು ಒಂದನ್ನೇ ಹಾಕಿದ್ರೆ ಬರ್ತದೆ! "ದೆವ್ವ ಹೊಕ್ಕದೇನ್ರಿ ಇದಕ್ಕ?" ಅಂತ ಕೇಳಿದ ಆ ಹುಡುಗ.

ನಾನು ಬಿಕಾಂ ಓದಿದ್ದು, ದೆವ್ವಕ್ಕಿಂತ ಮುಂಚೆ ಬಜೆಟ್ ನೋಡ್ತೀನಿ. ಸ್ವಿಚ್ ಕೆಳಗಿನ ಲೇಬಲ್ ಓದಿದ್ವಿ, ಒಟ್ಟು ಪಿಒಇ 60 ವ್ಯಾಟ್. ಕ್ಯಾಮೆರಾ ನಾಲ್ಕೂ ಕ್ಲಾಸ್ 0. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತೀವಲ್ಲ, ಹಂಗೆ ಒಂದೊಂದು ಕ್ಯಾಮೆರಾಕ್ಕೂ ಆ ಸ್ವಿಚ್ 15.4 ವ್ಯಾಟ್ ಎತ್ತಿಟ್ಟಿತ್ತು. ನಾಲ್ಕು ಸಲ 15.4 ಅಂದ್ರೆ 61.6. ಬಜೆಟ್ ಮೀರ್ತು, ನಾಲ್ಕನೇದಕ್ಕೆ ಸೀಟಿಲ್ಲ. ನಿಜವಾಗಿ ಒಂದೊಂದು ಬಳಸ್ತಿದ್ದದ್ದು ಅದರ ಅರ್ಧವೂ ಇರಲಿಲ್ಲ. ಅದೃಷ್ಟಕ್ಕೆ ಅದು ಸೆಟ್ಟಿಂಗ್ ಇರೋ ಸ್ವಿಚ್. ಒಂದೊಂದು ಪೋರ್ಟಿಗೂ ಮಿತಿ ಇಳಿಸಿದ್ವಿ, ನಾಲ್ಕೂ ಬಂದವು. ಸೆಟ್ಟಿಂಗ್ ಇಲ್ಲದ ಸ್ವಿಚ್ ಆದ್ರೆ ಆ ಒಂದು ಕ್ಯಾಮೆರಾಕ್ಕೆ ಬೇರೆ ಪಿಒಇ ಇಂಜೆಕ್ಟರ್ ಹಾಕಬಹುದು. ಎಲ್ಲ ಸ್ವಿಚ್ಚೂ ಹಿಂಗೆ ಕಾಯ್ದಿರಿಸಲ್ಲ, ಕೆಲವು ನಿಜವಾದ ಬಳಕೆಯನ್ನೇ ಲೆಕ್ಕ ಹಾಕ್ತವೆ. ಆಗ ಹಗಲು ಎಲ್ಲಾ ಬಂದು, ರಾತ್ರಿ ಒಂದು ಬೀಳಬಹುದು.

ಮೂರನೇದು ರಾಯಚೂರು ಸಿಟಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಅಂತ ಇರೋ ಒಂದು ಖಾಸಗಿ ರೀಡಿಂಗ್ ರೂಮ್. ಹೊಸ ವೈಫೈ ಆಕ್ಸೆಸ್ ಪಾಯಿಂಟ್ ಆನ್ ಆಗ್ತದೆ, ಸ್ಪೀಡ್ ಮಾತ್ರ ಇಲ್ಲ. ಎಲ್ಲರೂ ಇಂಟರ್‌ನೆಟ್ ಕಂಪನಿಗೆ ಬೈತಿದ್ರು. ಯಂತ್ರ ಕ್ಲಾಸ್ 4, ಸ್ವಿಚ್ಚೂ ಎಟಿ, ಎರಡೂ ಸರಿ. ಆದ್ರೆ ಸ್ವಿಚ್ಚಿನಲ್ಲಿ ಎಲ್‌ಎಲ್‌ಡಿಪಿ ಆಫ್ ಇತ್ತು. ಹೆಚ್ಚಿಗೆ ಕೇಳೋ ಬಾಯಿನೇ ಮುಚ್ಚಿದ ಹಾಗೆ. 13 ವ್ಯಾಟ್‌ನಲ್ಲೇ ಬದುಕಬೇಕಲ್ಲ, ಅದು ತನ್ನ ರೇಡಿಯೊ ತಗ್ಗಿಸಿಕೊಂಡಿತ್ತು. ಎಲ್‌ಎಲ್‌ಡಿಪಿ ಆನ್ ಮಾಡಿ, ಕೇಬಲ್ ಒಮ್ಮೆ ಕಿತ್ತು ಹಾಕಿದ್ವಿ. 25.5 ಸಿಕ್ತು. ಇಂಟರ್‌ನೆಟ್ ಪ್ಲಾನ್ ಬದಲಿಸೋ ರೊಕ್ಕ ಉಳೀತು.

ಹಂಗಾದ್ರೆ ಸೈಟಿನಲ್ಲಿ ಯಾವ ಕ್ರಮದಲ್ಲಿ ನೋಡಬೇಕು? ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಇಟ್ಟುಕೊಳ್ರಿ.

ಒಂದು, ಚಿಕ್ಕ ಒಳ್ಳೆ ಕೇಬಲ್ ಹಾಕಿ ಸ್ವಿಚ್ ಪಕ್ಕದಲ್ಲೇ ನೋಡ್ರಿ. ನಡೆದ್ರೆ ಕೇಬಲ್ ತಪ್ಪು.
ಎರಡು, ಬೇರೆ ಪೋರ್ಟಿಗೆ ಹಾಕ್ರಿ. ನಡೆದ್ರೆ ಪೋರ್ಟ್ ತಪ್ಪು.
ಮೂರು, ಉಳಿದದ್ದೆಲ್ಲಾ ಕಿತ್ತು ಇದೊಂದನ್ನೇ ಇಡ್ರಿ. ನಡೆದ್ರೆ ಬಜೆಟ್ ತಪ್ಪು.
ನಾಲ್ಕು, ಎರಡೂ ಲೇಬಲ್ ಓದ್ರಿ. ಎಟಿ ಬೇಡೋ ಯಂತ್ರಕ್ಕೆ ಎಎಫ್ ಸ್ವಿಚ್ ಸಾಲಲ್ಲ.
ಐದು, ಸ್ವಿಚ್ಚಿನ ಪೇಜ್ ತೆರೆದು ಕ್ಲಾಸ್ ಎಷ್ಟು, ವ್ಯಾಟ್ ಎಷ್ಟು, ಎಲ್‌ಎಲ್‌ಡಿಪಿ ಆನ್ ಇದೆಯಾ ನೋಡ್ರಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಮಾಡಿದ್ರೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತಾಗಲ್ಲ.

ಒಂದು ಎಚ್ಚರಿಕೆ. 'ಪ್ಯಾಸಿವ್ ಪಿಒಇ' ಅಂತ ಬರುತ್ತೆ, ಹಲವು 24 ವೋಲ್ಟಿನವು. ಅದು ಯಾರನ್ನೂ ಕೇಳಲ್ಲ, ಸೀದಾ ಕರೆಂಟ್ ಬಿಡ್ತದೆ. ಅದಕ್ಕೆ ಸಿಕ್ಕಿದ್ದೆಲ್ಲಾ ಚುಚ್ಚಬೇಡ್ರಿ, ಸುಟ್ಟು ಹೋಗಬಹುದು.

ಕೊನೆಗೆ ಬಿಲ್ ವಿಚಾರ. ಕೆಲಸ ಹಿಡಿಯೋ ಮುಂಚೆ ಕೊಟೇಶನ್‌ನಲ್ಲಿ ಮೂರು ಸಾಲು ಬರೀರಿ: ಕೇಬಲ್ ಪೂರ್ತಿ ತಾಮ್ರದ್ದಾ ಸಿಸಿಎನಾ, ಸ್ವಿಚ್ ಎಎಫ್ ಇದೆಯಾ ಎಟಿ ಇದೆಯಾ, ಒಟ್ಟು ವ್ಯಾಟ್ ಎಷ್ಟು. ಮಾಲೀಕರು ಅಗ್ಗದ್ದೇ ಬೇಕು ಅಂದ್ರೆ ಅದನ್ನೂ ಬರೆದು ಸಹಿ ಮಾಡಿಸ್ರಿ. ನಾಳೆ ಕ್ಯಾಮೆರಾ ನಿಂತಾಗ ನಿಮ್ಮ ಕೂಲಿ ಹಿಡಿಯೋಕೆ ಯಾರಿಗೂ ನೆಪ ಸಿಗಬಾರದು.

ನಿಮ್ಮ ಸೈಟಿನ ಸಮಸ್ಯೆ ಇದ್ರೆ ವಾಯ್ಸ್ ಮೆಸೇಜ್ ಮಾಡ್ರಿ. ಜೊತೆಗೆ ಸ್ವಿಚ್ಚಿನ ಲೇಬಲ್ ಫೋಟೋ ಮರೀಬೇಡ್ರಿ, ಅರ್ಧ ಉತ್ತರ ಅದರಲ್ಲೇ ಇರ್ತದೆ. ಮುಂದಿನ ಕಂತಿನಲ್ಲಿ ಸಿಗೋಣ.