ಹದಿನೇಳರ ಹುಡುಗನ ಡ್ರಮ್ಮು

(ವಿದ್ಯಾರ್ಥಿನಿಲಯದ ಗೆಳೆಯರ ಮುಂದೆ ಆಡಿದ ಮಾತು)



ನಮ್ಮ ಕೇರಿಯ ಹುಡುಗ ತಮಟೆ ಚೆನ್ನಾಗಿ ಬಡಿದರೆ ಊರಿನವರು ‘ಅದು ಅವರ ರಕ್ತದಲ್ಲೇ ಬಂದಿದೆ ಬಿಡು’ ಅಂತಾರೆ. ಹೊಗಳಿಕೆಯ ಹಾಗೆ ಕೇಳಿಸುತ್ತೆ. ಆದರೆ ಅವನು ಕಲಿತದ್ದು, ಬೆವರಿದ್ದು ಎಲ್ಲಾ ಆ ಒಂದು ಮಾತಿನಲ್ಲಿ ಅಳಿಸಿಹೋಗುತ್ತೆ. ರಕ್ತದಲ್ಲಿ ಬಂದದ್ದಕ್ಕೆ ಕೂಲಿ ಯಾಕೆ ಕೊಡಬೇಕು, ಅಲ್ಲವಾ? ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವತ್ತು ಅಮೆರಿಕದ ಕಪ್ಪು ಜನರೊಳಗಿನ ಒಬ್ಬ ಹುಡುಗನ ವಿಷಯ ಹೇಳ್ತೀನಿ.

ಟೋನಿ ವಿಲಿಯಮ್ಸ್. 1945ರಲ್ಲಿ ಶಿಕಾಗೋದಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ಬೆಳೆದವನು. ಅಪ್ಪ ಸ್ಯಾಕ್ಸೊಫೋನ್ ಊದುತ್ತಿದ್ದ, ಮಗನನ್ನೂ ಕ್ಲಬ್ಬುಗಳಿಗೆ ಕರೆದೊಯ್ಯುತ್ತಿದ್ದ. ಹುಡುಗ ಅಲನ್ ಡಾಸನ್ ಎಂಬ ಗುರುವಿನ ಹತ್ತಿರ ಪಾಠ ಹೇಳಿಸಿಕೊಂಡ. ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ, ಫಿಲ್ಲಿ ಜೋ ಜೋನ್ಸ್ ಇಂಥ ಹಿರಿಯರನ್ನು ಒಬ್ಬೊಬ್ಬರಾಗಿ ಹಿಡಿದು, ಥೇಟ್ ಅವರ ಹಾಗೇ ಕೇಳಿಸುವ ತನಕ ನುಡಿಸಿದ. ನಾಲ್ಕು ಪದ್ಯ ಬರೆದು ‘ಇದು ನನ್ನದೇ ಶೈಲಿ’ ಅನ್ನುವ ನನ್ನಂಥವರಿಗೆ ಇದು ಸ್ವಲ್ಪ ಚುರುಕ್ ಅನ್ನಬೇಕು.

1962ರ ಕೊನೆಗೆ ಜಾಕಿ ಮೆಕ್ಲೀನ್ ಅವನನ್ನು ನ್ಯೂಯಾರ್ಕಿಗೆ ಕರೆಸಿಕೊಂಡ. 1963ರಲ್ಲಿ ಮೈಲ್ಸ್ ಡೇವಿಸ್ ತನ್ನ ತಂಡಕ್ಕೇ ಸೇರಿಸಿಕೊಂಡ. ಆಗ ಟೋನಿಗೆ ಹದಿನೇಳು. ಹೆಂಡ ಮಾರುವ ಕ್ಲಬ್ಬಿನೊಳಗೆ ಕಾಲಿಡಲು ಕಾನೂನಿನ ವಯಸ್ಸೇ ಆಗಿರಲಿಲ್ಲ!

ನಾನು ಹೇಳಬೇಕೆಂದಿರುವುದು 1964ರ ಫೆಬ್ರವರಿ 12ರ ರಾತ್ರಿಯ ಮಾತು. ನ್ಯೂಯಾರ್ಕಿನ ಫಿಲ್ಹಾರ್ಮೋನಿಕ್ ಹಾಲ್. ಮಿಸಿಸಿಪ್ಪಿ, ಲೂಸಿಯಾನಾಗಳಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಹೋರಾಟಕ್ಕೆ ನಿಧಿ ಕೂಡಿಸುವ ಕಛೇರಿ. ಮೈಲ್ಸ್ ಸಂಭಾವನೆ ಬೇಡ ಅಂದುಬಿಟ್ಟ. ತಂಡದಲ್ಲಿ ಜಗಳ ಎದ್ದಿತು. ಅವರು ಹೋರಾಟದ ವಿರೋಧಿಗಳಲ್ಲ. ನಮ್ಮ ದುಡಿಮೆಯ ದುಡ್ಡು ಮೊದಲು ನಮ್ಮ ಕೈಗೆ ಬರಲಿ, ಎಷ್ಟು ಕೊಡಬೇಕು ಅನ್ನೋದನ್ನ ನಾವು ನೋಡಿಕೊಳ್ತೀವಿ ಅನ್ನುವುದು ವಾದ. ಸಿಟ್ಟಿನಲ್ಲೇ ವೇದಿಕೆ ಹತ್ತಿದರು. ಆ ಸಿಟ್ಟೇ ನುಡಿಸಾಣಿಕೆಗೆ ಬೆಂಕಿ ಹಚ್ಚಿತು ಅಂತ ಮೈಲ್ಸನೇ ಆಮೇಲೆ ಹೇಳಿಕೊಂಡಿದ್ದಾನೆ.

ಯಾರು ಸರಿ? ನನಗಂತೂ ಆ ಸಿಟ್ಟಾದವರ ಮಾತೇ ಸರಿ ಅನ್ನಿಸುತ್ತೆ. ನಮ್ಮ ಸಭೆಗಳಿಗೂ ತಮಟೆಯವರನ್ನು ಕರೀತೀವಿ. ಮೆರವಣಿಗೆ ಮುಗಿದ ಮೇಲೆ ಒಂದು ಊಟ, ಬಸ್ ಚಾರ್ಜು. ಊರಗೌಡ ಬಿಟ್ಟಿ ಬಡಿಸಿದ, ನಾವು ‘ಕಲಾವಿದರು’ ಅಂತ ಕರೆದು ಬಡಿಸಿದೆವು. ಬಡಿದವನ ಜೇಬಿಗೆ ಏನು ವ್ಯತ್ಯಾಸವಾಯಿತು? ಕೊಡುವ ಸ್ವಾತಂತ್ರ್ಯ ಇರಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕು.

1967ರ ‘ನೆಫರ್ಟಿಟಿ’ಯಲ್ಲಿ ಇನ್ನೊಂದು ಸ್ವಾರಸ್ಯ. ಊದುವವರು ಒಂದೇ ರಾಗದೆಳೆಯನ್ನು ಮತ್ತೆ ಮತ್ತೆ ಊದುತ್ತಾ ನಿಂತರೆ, ಕೆಳಗಿನಿಂದ ಡ್ರಮ್ಮು ಎದ್ದು ಮಾತಾಡುತ್ತೆ. ಹಿಂದೆ ಕೂತವನೇ ಮುಂದಾಳು! 1969ರಲ್ಲಿ ಮೈಲ್ಸ್‌ನನ್ನು ಬಿಟ್ಟು ‘ಲೈಫ್‌ಟೈಮ್’ ಅನ್ನುವ ತನ್ನದೇ ತಂಡ ಕಟ್ಟಿದ. ಲೋಕಪ್ರಸಿದ್ಧನಾದ ಮೇಲೆ, 1980ರ ದಶಕದಲ್ಲಿ, ಮತ್ತೆ ವಿದ್ಯಾರ್ಥಿಯಾಗಿ ಸಂಗೀತ ರಚನೆ ಕಲಿಯಲು ಕೂತ. 1997ರಲ್ಲಿ ತೀರಿಕೊಂಡಾಗ ಅವನಿಗೆ ಐವತ್ತೊಂದೇ ವರ್ಷ.

ಆ 1964ರ ರಾತ್ರಿಯ ಧ್ವನಿಮುದ್ರಣ ‘ಫೋರ್ ಅಂಡ್ ಮೋರ್’ ತಂದಿದ್ದೀನಿ. ಊಟದ ಗಂಟೆಗೆ ಇನ್ನೂ ಹೊತ್ತಿದೆ. ಬಾಗಿಲು ಮುಚ್ಚಿ ಬನ್ನಿ, ಕೇಳೋಣ.