ದಂಡ ಬೀಳಬೇಕಾದ್ದು ಯಾರ ಮೇಲೆ?

(ಪಕ್ಷದ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)

ಪರದೇಶದ ಒಬ್ಬ ಅಧಿಕಾರಿ ತನ್ನ ನಾಡಿನ ಜನರನ್ನು ಸೆರೆಗೆ ತಳ್ಳಿ ಹಿಂಸಿಸಿದರೆ, ಕೊಲ್ಲಿಸಿದರೆ, ಅವನನ್ನು ಕೇಳುವವರು ಯಾರು? ಅಲ್ಲಿಯ ನ್ಯಾಯಾಲಯ ಅವನ ಮುಷ್ಟಿಯಲ್ಲಿರುತ್ತದೆ. ಹೊರಗಿನ ಪೊಲೀಸರು ಅಲ್ಲಿಗೆ ಕಾಲಿಡುವಂತಿಲ್ಲ. ಸೈನ್ಯ ಕಳಿಸಿದರೆ ಯುದ್ಧ. ಸುಮ್ಮನಿದ್ದರೆ ಪಾಪದಲ್ಲಿ ಪಾಲು. ಈ ಇಕ್ಕಟ್ಟಿಗೆ ಕೆಲವು ಸರ್ಕಾರಗಳು ಒಂದು ಉಪಾಯ ಕಂಡುಕೊಂಡಿವೆ. ಆ ಅಧಿಕಾರಿಯ ಹೆಸರನ್ನೇ ಪಟ್ಟಿಗೆ ಸೇರಿಸಿ, ಅವನಿಗೆ ತಮ್ಮ ದೇಶದೊಳಗೆ ಪ್ರವೇಶ ನಿಲ್ಲಿಸುವುದು. ತಮ್ಮ ಬ್ಯಾಂಕುಗಳಲ್ಲಿ ಅವನಿಟ್ಟ ಹಣ ಅಲುಗದಂತೆ ತಡೆಹಿಡಿಯುವುದು.

ಇದು ದೊಡ್ಡವರ ದರಬಾರಿನ ಮಾತು, ಗಿರಣಿಯವರಿಗೂ ಅಂಗಡಿಯವರಿಗೂ ಇದರಿಂದ ಏನು ಎಂದು ಕೇಳಬಹುದು. ಈ ಕಾಯಿದೆ ಹುಟ್ಟಿದ್ದೇ ತೆರಿಗೆ ಹಣದ ಕಳ್ಳತನದಿಂದ ಎಂಬುದನ್ನು ಮೊದಲು ನೋಡೋಣ.

ಮಾಸ್ಕೋ ನಗರದಲ್ಲಿ ಸೆರ್ಗೆಯ್ ಮ್ಯಾಗ್ನಿಟ್ಸ್ಕಿ ಎಂಬ ತೆರಿಗೆ ಸಲಹೆಗಾರನಿದ್ದ. ತೆರಿಗೆ ವಾಪಸಾತಿಯ ಹೆಸರಿನಲ್ಲಿ ರಷ್ಯದ ಬೊಕ್ಕಸದಿಂದ 540 ಕೋಟಿ ರೂಬಲ್ ಲಪಟಾಯಿಸಲಾಗಿದೆ ಎಂದು ಆತ ಪತ್ತೆ ಹಚ್ಚಿದ. 2008ರಲ್ಲಿ ತನಿಖೆಯವರ ಮುಂದೆ ಪೊಲೀಸ್ ಅಧಿಕಾರಿಗಳ ಹೆಸರು ಎತ್ತಿದ. ಅದೇ ವರ್ಷ ನವೆಂಬರಿನಲ್ಲಿ, ತೆರಿಗೆ ವಂಚನೆಯ ಆರೋಪ ಹೊರಿಸಿ ಆತನನ್ನೇ ಬಂಧಿಸಿದರು. ಸೆರೆಯಲ್ಲಿ ಕಾಯಿಲೆ ಬಿದ್ದಾಗ ಸರಿಯಾದ ಚಿಕಿತ್ಸೆ ಸಿಗಲಿಲ್ಲ. 2009ರ ನವೆಂಬರ್ 16ರಂದು, 37ನೇ ವಯಸ್ಸಿನಲ್ಲಿ ಆತ ಸೆರೆಮನೆಯಲ್ಲೇ ತೀರಿಹೋದ. ಸತ್ತ ಮನುಷ್ಯನನ್ನೇ 2013ರಲ್ಲಿ ವಿಚಾರಣೆಗೆ ಗುರಿಮಾಡಿ ಅಪರಾಧಿ ಎಂದು ತೀರ್ಪು ಕೊಟ್ಟರು! ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ಈ ಸಾವಿನ ವಿಷಯದಲ್ಲೂ ಈ ವಿಚಾರಣೆಯ ವಿಷಯದಲ್ಲೂ ರಷ್ಯ ಸರ್ಕಾರವನ್ನೇ ತಪ್ಪಿತಸ್ಥವೆಂದಿತು.

ಈ ಪ್ರಕರಣದ ಮೇಲೆ ಅಮೆರಿಕ 2012ರ ಡಿಸೆಂಬರಿನಲ್ಲಿ ಆತನ ಹೆಸರಿನ ಕಾಯಿದೆ ಮಾಡಿತು. ರಷ್ಯ ಕೊಟ್ಟ ಉತ್ತರವೇನು? ಅದೇ ತಿಂಗಳು, ರಷ್ಯದ ಅನಾಥ ಮಕ್ಕಳನ್ನು ಅಮೆರಿಕದವರು ದತ್ತು ತೆಗೆದುಕೊಳ್ಳಕೂಡದು ಎಂದು ಶಾಸನ ಮಾಡಿತು. ಅಧಿಕಾರಿಗಳ ಹಣಕ್ಕೆ ಕೈಹಾಕಿದರೆ ತಬ್ಬಲಿ ಮಕ್ಕಳ ಮೇಲೆ ಸೇಡು! ಆಳುವವರ ನಡತೆಗೆ ಬೇರೆ ಸಾಕ್ಷಿ ಬೇಕೇ? 2016ರಲ್ಲಿ ಅಮೆರಿಕ ಈ ಕಾಯಿದೆಯನ್ನು ಎಲ್ಲ ದೇಶಗಳ ಅಧಿಕಾರಿಗಳಿಗೂ ವಿಸ್ತರಿಸಿತು. ಕೆನಡಾ, ಬ್ರಿಟನ್, ಐರೋಪ್ಯ ಒಕ್ಕೂಟ ಇಂಥವೇ ನಿಯಮಗಳನ್ನು ಮಾಡಿಕೊಂಡವು.

ತಪ್ಪಿತಸ್ಥನಿಗೇ ದಂಡ ಎಂಬ ತತ್ವ ಸರಿಯಾದುದೆಂದು ನಾವು ಒಪ್ಪುತ್ತೇವೆ. ಇರಾಕಿನ ಮೇಲೆ 1990ರಲ್ಲಿ ಹೇರಿದ ವ್ಯಾಪಾರ ದಿಗ್ಬಂಧನವನ್ನು ನೆನೆಯಿರಿ. ಅದು 2003ರವರೆಗೆ ನಡೆಯಿತು. ಔಷಧಿಗೆ, ಅನ್ನಕ್ಕೆ ಬಡಜನ ಪರದಾಡಿದರು. ಅರಮನೆಯ ಒಲೆ ಒಂದು ದಿನವೂ ಆರಲಿಲ್ಲ. ಅಲ್ಲಿ ವಿಶ್ವಸಂಸ್ಥೆಯ ನೆರವಿನ ಕೆಲಸದ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೆ 1998ರಲ್ಲಿ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಅವರ ನಂತರ ಬಂದವರೂ 2000ದಲ್ಲಿ ಹಾಗೆಯೇ ಹೊರನಡೆದರು. ಕೋಣಕ್ಕೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಒಬ್ಬೊಬ್ಬ ಅಧಿಕಾರಿಯ ಮೇಲೆ ಹಾಕಿದ ದಂಡ ತಟ್ಟುತ್ತದೆಯೇ? ಕೆಲವರಿಗೆ ತಟ್ಟುತ್ತದೆ. ಡಾಲರಿನ ವ್ಯವಹಾರ ಬಹುಮಟ್ಟಿಗೆ ಅಮೆರಿಕದ ಬ್ಯಾಂಕುಗಳ ಮೂಲಕ ಹಾಯಬೇಕು. ಆದ್ದರಿಂದ ಆ ಪಟ್ಟಿಯಲ್ಲಿ ಹೆಸರಿದ್ದವನ ಖಾತೆಯನ್ನು ಬೇರೆ ದೇಶಗಳ ಬ್ಯಾಂಕುಗಳೂ ಮುಟ್ಟಲು ಅಂಜುತ್ತವೆ. ಹಾಂಗ್‌ಕಾಂಗಿನ ಆಡಳಿತದ ಮುಖ್ಯಸ್ಥೆಯಾಗಿದ್ದ ಕ್ಯಾರಿ ಲ್ಯಾಮ್ ಹೆಸರು 2020ರಲ್ಲಿ ಅಮೆರಿಕದ ಇಂಥದೇ ಇನ್ನೊಂದು ಪಟ್ಟಿಗೆ ಸೇರಿತು. ಯಾವ ಬ್ಯಾಂಕೂ ಖಾತೆ ಕೊಡದೆ, ಸಂಬಳವನ್ನು ನಗದಾಗಿ ಪಡೆದು ಮನೆಯಲ್ಲಿ ನೋಟಿನ ರಾಶಿ ಇಟ್ಟುಕೊಂಡಿರುವುದಾಗಿ ಆಕೆಯೇ ಹೇಳಿದರು.

ಆದರೆ ಬಂಧುಗಳೇ, ಪಟ್ಟಿ ಬರೆಯುವ ಲೇಖಣಿ ಯಾರ ಕೈಯಲ್ಲಿದೆ? ಕೊಳ್ಳುವಾಗ ಒಂದು ಬೊಟ್ಟು, ಮಾರುವಾಗ ಇನ್ನೊಂದು ಬೊಟ್ಟು ಇಟ್ಟುಕೊಂಡ ಅಂಗಡಿಯನ್ನು ನೀವು ಬಲ್ಲಿರಿ. ಇಲ್ಲಿಯೂ ಅದೇ ವ್ಯಾಪಾರ. 2018ರ ಅಕ್ಟೋಬರ್ 2ರಂದು ಪತ್ರಕರ್ತ ಜಮಾಲ್ ಖಶೋಗ್ಗಿಯವರನ್ನು ಇಸ್ತಾಂಬುಲಿನ ಸೌದಿ ದೂತಾವಾಸದೊಳಗೆ ಕೊಂದರು. ಮರುತಿಂಗಳು 17 ಮಂದಿ ಸೌದಿಗಳ ಹೆಸರು ಅಮೆರಿಕದ ಪಟ್ಟಿಗೆ ಸೇರಿತು. ಸೆರೆಹಿಡಿಯುವ ಇಲ್ಲವೇ ಕೊಲ್ಲುವ ಆ ಕಾರ್ಯಾಚರಣೆಗೆ ಯುವರಾಜರೇ ಒಪ್ಪಿಗೆ ಕೊಟ್ಟಿದ್ದರೆಂದು ಅಮೆರಿಕದ ಗುಪ್ತಚರ ಇಲಾಖೆಯ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ಯುವರಾಜರು ಆರೋಪವನ್ನು ಅಲ್ಲಗಳೆದರು. ಇನ್ನೂ ಹಲವರಿಗೆ ವೀಸಾ ನಿಂತಿತು. ಯುವರಾಜರ ಹೆಸರು ಮಾತ್ರ ಪಟ್ಟಿಗೆ ಬರಲಿಲ್ಲ. ಎಣ್ಣೆಯ ಬಾವಿ, ಶಸ್ತ್ರಾಸ್ತ್ರದ ಗಿರಾಕಿ ಎದುರಿಗಿರುವಾಗ ನ್ಯಾಯದ ತಕ್ಕಡಿ ತಾನಾಗಿ ವಾಲುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ನೋಡಿ. ಆಫ್ಘಾನಿಸ್ತಾನದಲ್ಲಿ ನಡೆದ ಯುದ್ಧಾಪರಾಧಗಳ ತನಿಖೆ ಅಮೆರಿಕದ ಸೈನಿಕರನ್ನೂ ಒಳಗೊಂಡಾಗ, ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಭಿಯೋಜಕಿ ಫಾತೂ ಬೆನ್ಸೂದಾ ಅವರ ಮೇಲೆಯೇ ಅಮೆರಿಕ 2020ರಲ್ಲಿ ನಿರ್ಬಂಧ ಹೇರಿತು. 2021ರಲ್ಲಿ ತೆಗೆಯಿತು. 2025ರಲ್ಲಿ ಅದೇ ನ್ಯಾಯಾಲಯದ ಅಭಿಯೋಜಕರ ಮೇಲೂ ನ್ಯಾಯಾಧೀಶರ ಮೇಲೂ ಮತ್ತೆ ಹೇರಿತು. ಹಿಂಸಕರಿಗೆಂದು ಮಾಡಿದ ದಂಡದಂಥದೇ ದಂಡ ನ್ಯಾಯ ಕೇಳಿದವರ ಮೇಲೆ ಬಿತ್ತು!

ಹಾಗಾದರೆ ಎಲ್ಲವನ್ನೂ ಬಿಟ್ಟು ಕೈಕಟ್ಟಿ ಕೂರಬೇಕೇ? ಕೂಡದು. ಈ ಮಾತಿನಲ್ಲಿ ಭಾರತಕ್ಕೆ ತನ್ನದೇ ಹಿರಿಮೆಯಿದೆ. ದಕ್ಷಿಣ ಆಫ್ರಿಕದಲ್ಲಿ ಭಾರತೀಯರ ಭೂಮಿಯ ಹಕ್ಕಿಗೆ ಕತ್ತರಿ ಹಾಕುವ ಕಾಯಿದೆ 1946ರಲ್ಲಿ ಬಂದಾಗ, ಸ್ವಾತಂತ್ರ್ಯ ಇನ್ನೂ ಒಂದು ವರ್ಷ ದೂರವಿದ್ದರೂ, ಎಲ್ಲರಿಗಿಂತ ಮೊದಲು ಭಾರತವೇ ಆ ದೇಶದ ವ್ಯಾಪಾರ ಕಡಿದುಕೊಂಡಿತು. ಅದೇ ವರ್ಷ ವಿಶ್ವಸಂಸ್ಥೆಯಲ್ಲಿ ದೂರು ಎತ್ತಿತು. ಅದು ಇಡೀ ದೇಶದ ಮೇಲಿನ ಬಹಿಷ್ಕಾರವಲ್ಲವೇ ಎಂದರೆ, ಹೌದು. ಆದರೆ ನೊಂದ ಜನರ ನಾಯಕ ಆಲ್ಬರ್ಟ್ ಲುಥುಲಿಯವರೇ ಮುಂದೆ ಲೋಕದ ಮುಂದೆ ಬಹಿಷ್ಕಾರವನ್ನು ಬೇಡಿದರು. ಕಷ್ಟ ಹೊರುವವರೇ ಕೇಳುವ ಬಹಿಷ್ಕಾರ ಬೇರೆ. ಅವರನ್ನು ಕೇಳದೆ ಅವರ ತುತ್ತು ಕಸಿಯುವ ದಿಗ್ಬಂಧನ ಬೇರೆ.

ಇಂದು ನಮ್ಮ ದೇಶದಲ್ಲಿ ಪರದೇಶದ ಹಿಂಸಕ ಅಧಿಕಾರಿಗಳನ್ನು ಹೆಸರಿಸಿ ದಂಡಿಸುವ ಇಂಥ ಪ್ರತ್ಯೇಕ ಕಾಯಿದೆ ಇಲ್ಲ. ಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಷರತ್ತುಗಳಿವೆ. ದಂಡ ಆಜ್ಞೆ ಕೊಟ್ಟವನ ಮೇಲೆ ಬೀಳಲಿ, ಪ್ರಜೆಯ ಗಂಜಿಯ ಮೇಲೆ ಬೇಡ. ಸಾಕ್ಷ್ಯ ಬಹಿರಂಗವಾಗಲಿ, ಹೆಸರು ಬಂದವನಿಗೆ ನ್ಯಾಯಾಲಯದಲ್ಲಿ ಉತ್ತರ ಕೊಡಲು ಅವಕಾಶವಿರಲಿ. ಮಿತ್ರನಿಗೂ ಶತ್ರುವಿಗೂ ಒಂದೇ ತೂಕ ಇರಲಿ.

ಅದಕ್ಕೂ ಮುಂಚೆ ನಮ್ಮ ಅಂಗಳ ಗುಡಿಸಬೇಕು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಅದನ್ನು ಸ್ಥಿರೀಕರಿಸುವ ಕೆಲಸ ಇನ್ನೂ ಆಗಿಲ್ಲ. ನಮ್ಮ ಠಾಣೆಯ ಲಾಕಪ್ಪಿನಲ್ಲಿ ಕೂಲಿಯವನು ಸತ್ತರೆ ಬಾಯಿ ಮುಚ್ಚಿಕೊಂಡು, ಮಾಸ್ಕೋದ ಸೆರೆಮನೆಗೆ ಕಣ್ಣೀರು ಹಾಕಿದರೆ ಯಾರು ನಂಬುತ್ತಾರೆ? ಒಪ್ಪಂದವನ್ನು ಸ್ಥಿರೀಕರಿಸಿ ಎಂದು ನಿಮ್ಮ ಸಂಘದಲ್ಲಿ, ವರ್ತಕರ ಮಂಡಳಿಯಲ್ಲಿ ನಿರ್ಣಯ ಮಾಡಿ ನಿಮ್ಮ ಲೋಕಸಭಾ ಸದಸ್ಯರಿಗೆ ಕಳಿಸಿ. ಓಟು ಕೇಳಲು ಬಂದಾಗ ಉತ್ತರ ಕೇಳಿ. ಅಲ್ಲಿಂದ ಕೆಲಸ ಆರಂಭವಾಗಲಿ.