ನೆರವಾದವರಿಗೂ ನೆರವು



2022ರ ಆಗಸ್ಟ್ ಕೊನೆಯ ಮಳೆಯನ್ನು ರಾಮನಗರ, ಚನ್ನಪಟ್ಟಣದವರು ಮರೆತಿರಲಾರರು. ಕೆರೆಗಳು ಕೋಡಿ ಬಿದ್ದವು, ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೇ ನೀರು ಹರಿಯಿತು, ಮನೆಗಳಿಗೆ ಕೆಸರು ನುಗ್ಗಿತು. ಹಾನಿಯ ಲೆಕ್ಕ ಬರೆದುಕೊಂಡೆವು. ಜನರನ್ನು ದಡ ಸೇರಿಸಿದ ಅಗ್ನಿಶಾಮಕ ಸಿಬ್ಬಂದಿ, ಕೆಸರು ಬಾಚಿದ ಪೌರಕಾರ್ಮಿಕರು, ಅನ್ನ ಬಡಿಸಿದ ಸ್ವಯಂಸೇವಕರು ಆಮೇಲೆ ಸರಿಯಾಗಿ ನಿದ್ದೆ ಮಾಡಿದರೇ ಎಂದು ವಿಚಾರಿಸಿದವರು ಎಷ್ಟು ಮಂದಿ?

ಕೋವಿಡ್ ಕಾಲದಲ್ಲಿ ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರನ್ನು ನೆನೆಯಿರಿ. ಹೊರಗಿನಿಂದ ಬಂದ ತಂಡ ಕೆಲಸ ಮುಗಿಸಿ ಹೊರಟುಹೋಗುತ್ತದೆ. ಆಶಾ ಅದೇ ಊರಿನ ಹೆಣ್ಣುಮಗಳು. ತೀರಿಕೊಂಡವರು ಆಕೆಗೆ ಅತ್ತೆಯೋ ಚಿಕ್ಕಪ್ಪನೋ ಆಗಬೇಕು. ಉಳಿಸಲಾಗಲಿಲ್ಲವಲ್ಲ ಎಂಬ ಕೊರಗನ್ನು ಹೊತ್ತು ಅದೇ ಬೀದಿಯಲ್ಲಿ ನಾಳೆಯೂ ಆಕೆ ಓಡಾಡಬೇಕು. ನಿದ್ದೆಗೇಡು, ಸಿಡುಕು, ಯಾವುದೂ ಬೇಡವೆನಿಸುವ ದಣಿವು ಹೀಗೆಯೇ ಶುರುವಾಗುತ್ತವೆ. ಅದು ಮನೋಬಲದ ಕೊರತೆಯಲ್ಲ.

ಸನ್ಮಾನ, ಶಾಲು, ಹಾರ ಒಳ್ಳೆಯದೇ. ಆದರೆ ಪಾಳಿ ಬದಲಿಸುವುದು, ವಾರದ ರಜೆಯನ್ನು ನಿಜಕ್ಕೂ ಕೊಡುವುದು, ದಿನದ ಕೊನೆಗೆ ತಂಡವೆಲ್ಲ ಕೂತು ಕಂಡದ್ದನ್ನು ಹೇಳಿಕೊಳ್ಳುವುದು ಅದಕ್ಕಿಂತ ದೊಡ್ಡ ಗೌರವ ಎಂದು ನಾನು ನಂಬಿದ್ದೇನೆ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. ಹಗಲು ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಸಂಖ್ಯೆ 14416. ನಿಮ್ಮ ಊರಿನ ಆಶಾ ಅಕ್ಕನಿಗೆ ಈ ಸಂಖ್ಯೆಯನ್ನು ಇವತ್ತೇ ತಿಳಿಸಿ. ಹಾಗೆಯೇ, ಹೇಗಿದ್ದೀರಿ ಎಂದು ನೀವೇ ಕೇಳಿ, ಆಕೆ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.